ಸಿಕ್ಕಿದ್ದೆಲ್ಲ ಬಳಸಲಿಕ್ಕಲ್ಲ: ಜಿಲ್ಲಾ ವರದಿಗಾರರ ಮುಂದಿರುವ ಎರಡು ತೀರ್ಮಾನ

2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ ಇತ್ತು. ಅದಕ್ಕೆ ಕೆಲವೇ ದಿನ ಮೊದಲು ಹಾಸನದಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. ಅವುಗಳಲ್ಲಿದ್ದ ಲೈಂಗಿಕ ದೃಶ್ಯಗಳ ವಿಡಿಯೊಗಳಲ್ಲಿ ಮಹಿಳೆಯರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ರಾಜ್ಯ ಸರ್ಕಾರ ವಿಶೇಷ ತನಿಖಾ ದಳ ರಚಿಸಿತು. ಆ ವಿಡಿಯೊಗಳನ್ನು ಹಂಚುವುದೂ ಅಪರಾಧ ಎಂದು ದಳವೇ ಪ್ರಕಟಣೆ ಹೊರಡಿಸಿ ಎಚ್ಚರಿಸಬೇಕಾಯಿತು. ಅಷ್ಟರಲ್ಲಿ ಅವು ಎಷ್ಟು ಫೋನುಗಳಿಗೆ ಹೋಗಿದ್ದವೋ ಲೆಕ್ಕವಿಲ್ಲ.

ಅಂಥ ಪೆನ್‌ಡ್ರೈವ್ ಒಂದು ಪತ್ರಕರ್ತರ ಮೇಜಿನ ಮೇಲೆ ಬಂದು ಕೂತಾಗ ಅದರೊಳಗೆ ಒಂದಲ್ಲ, ಮೂರು ಬಗೆಯ ಮಾಹಿತಿ ಇರುತ್ತದೆ. ಅಧಿಕಾರದಲ್ಲಿರುವವರ ಮೇಲಿನ ಗಂಭೀರ ಆರೋಪ ಮೊದಲನೆಯದು. ಅದು ಮತದಾರರಿಗೆ ತಿಳಿಯಬೇಕಾದ್ದು. ಎರಡನೆಯದು ಆ ಮಹಿಳೆಯರು ಯಾರು ಎನ್ನುವುದು. ಅದು ತನಿಖಾಧಿಕಾರಿಗೂ ನ್ಯಾಯಾಲಯಕ್ಕೂ ಬೇಕು, ಓದುಗರಿಗೆ ಬೇಕಿಲ್ಲ. ಇದನ್ನು ಯಾರು, ಯಾವಾಗ, ಯಾಕೆ ಹಂಚಿದರು ಎನ್ನುವುದು ಮೂರನೆಯದು. ಹಂಚಿದವರ ಉದ್ದೇಶ ಕೆಟ್ಟದ್ದಾಗಿರಬಹುದು. ಅಷ್ಟಕ್ಕೇ ಒಳಗಿನ ಆರೋಪ ಸುಳ್ಳಾಗುವುದಿಲ್ಲ, ಆದರೆ ಆ ಉದ್ದೇಶವನ್ನು ಮುಚ್ಚಿಟ್ಟು ಬರೆದರೆ ವರದಿ ಅರ್ಧ ಸುಳ್ಳಾಗುತ್ತದೆ. ಹೀಗೆ ಬಿಡಿಸಿ ನೋಡುವ ಮೊದಲೇ ‘ಹಾಕೋಣವೋ ಬೇಡವೋ’ ಎಂದು ಒಂದೇ ಪ್ರಶ್ನೆ ಕೇಳಿಕೊಳ್ಳುವುದರಿಂದ ಹೆಚ್ಚಿನ ತಪ್ಪುಗಳು ಆಗುತ್ತವೆ. ಮಾಹಿತಿ ಪಡೆಯುವುದು ಒಂದು ತೀರ್ಮಾನ, ಬಳಸುವುದು ಬೇರೆಯೇ ತೀರ್ಮಾನ. ಮೊದಲನೆಯದಕ್ಕೆ ಹೂಂ ಎಂದ ಮಾತ್ರಕ್ಕೆ ಎರಡನೆಯದಕ್ಕೂ ಹೂಂ ಎನ್ನಬೇಕಿಲ್ಲ.

ಇಂಥ ವಸ್ತು ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬರವಣಿಗೆ. ಯಾವ ದಿನ, ಎಷ್ಟು ಗಂಟೆಗೆ, ಯಾರ ಕೈಯಿಂದ ಬಂತು, ಕೊಡುವಾಗ ಅವರು ಏನು ಹೇಳಿದರು ಎಂದು ಕಾಗದದ ಮೇಲೆ ಬರೆದಿಡಬೇಕು. ಪರಿಶೀಲನೆಗೆ ಅದನ್ನು ನೋಡುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೆ ‘ನೋಡಿ ಹೇಳಿ’ ಎಂದು ಹಾಕುವುದೇ ಅತಿ ದೊಡ್ಡ ತಪ್ಪು. ಗುಂಪಿನಲ್ಲಿರುವ ಹಲವರ ಗ್ಯಾಲರಿಗೆ ಅದು ತಾನಾಗಿಯೇ ಇಳಿಯುತ್ತದೆ, ಅಲ್ಲಿಂದ ಬ್ಯಾಕಪ್‌ಗೆ ಹೋಗುತ್ತದೆ. ಆಮೇಲೆ ಗುಂಪಿನಲ್ಲಿ ಅಳಿಸಿದರೂ ಆ ಪ್ರತಿಗಳು ಉಳಿಯಬಹುದು. ಲೈಂಗಿಕ ದೃಶ್ಯಗಳನ್ನು ಮೊಬೈಲ್, ಕಂಪ್ಯೂಟರ್ ಮೂಲಕ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಸೆಕ್ಷನ್ ಅಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡದ ಅಪರಾಧ. ವರದಿಗಾರರಿಗೆ ಅದರಲ್ಲಿ ವಿನಾಯಿತಿ ಇಲ್ಲ. ದೃಶ್ಯದಲ್ಲಿ ಮಕ್ಕಳಿದ್ದರೆ ಯೋಚನೆಗೇ ಅವಕಾಶವಿಲ್ಲ: ಅದೇ ಕಾಯ್ದೆಯ 67ಬಿ ಪ್ರಕಾರ ಹುಡುಕುವುದು, ಡೌನ್‌ಲೋಡ್ ಮಾಡುವುದೂ ಅಪರಾಧ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಮಾಧ್ಯಮದವರು ಪೊಲೀಸರಿಗೆ ತಿಳಿಸಲೇಬೇಕು.

ಮುಖ ಮಸುಕು ಮಾಡಿದರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಾಲದು. ದನಿ, ಸೀರೆಯ ಅಂಚು, ಕೈಬಳೆ, ಹಿಂದಿನ ಗೋಡೆಯ ಕ್ಯಾಲೆಂಡರ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಅಕ್ಕಪಕ್ಕದವರು ಗುರುತು ಹಿಡಿಯುತ್ತಾರೆ. ದೃಶ್ಯದ ಒಂದು ಚೌಕಟ್ಟೂ ಇಲ್ಲದೆ, ಅದರಲ್ಲಿ ಏನಿದೆ ಎಂದು ಸಂಯಮದ ಎರಡು ವಾಕ್ಯದಲ್ಲಿ ಹೇಳಬಹುದು. ಪದದ ಆಯ್ಕೆಯೂ ಇಲ್ಲಿ ತೀರ್ಮಾನವೇ. ‘ಅಶ್ಲೀಲ ವಿಡಿಯೊ’ ಎಂದು ಬರೆದಾಗ ಅಶ್ಲೀಲತೆ ಅದರಲ್ಲಿ ಕಾಣುವ ಹೆಣ್ಣಿನ ಮೇಲೆ ಬೀಳುತ್ತದೆ, ‘ಲೈಂಗಿಕ ದೌರ್ಜನ್ಯದ ಆರೋಪ’ ಎಂದಾಗ ಪ್ರಶ್ನೆ ಆರೋಪಿಯ ಕಡೆ ತಿರುಗುತ್ತದೆ.

ಹೆಸರಿಲ್ಲದೆಯೂ ಗುರುತು ಸಿಗುವ ಊರುಗಳು

ಕಾನೂನು ಇಲ್ಲಿ ಸ್ಪಷ್ಟ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ 2 ವರ್ಷದವರೆಗೆ ಶಿಕ್ಷೆ. ಪೋಕ್ಸೊ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ಹೆಸರಿಸಿಯೇ ನಿಷೇಧಿಸಿದೆ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೂರದಿಂದಲೂ ಗುರುತಿಗೆ ದಾರಿ ಮಾಡಿಕೊಡುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ ಎಂದಿತು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಆರೋಪ ಹೊತ್ತ ಮಗುವಿಗೂ ಇದೇ ರಕ್ಷಣೆ ಕೊಡುತ್ತದೆ. ಇದನ್ನು ಮರೆಯುವವರು ಹೆಚ್ಚು, ಹುಡುಗ ಕಳ್ಳತನದಲ್ಲಿ ಸಿಕ್ಕಿಬಿದ್ದಾಗ ಶಾಲೆಯ ಹೆಸರು ಸಮೇತ ಬರೆಯುತ್ತಾರೆ.

ಬೆಂಗಳೂರಿನಲ್ಲಿ ‘ನಗರದ ಉತ್ತರ ಭಾಗದ 34 ವರ್ಷದ ಮಹಿಳೆ’ ಎಂದರೆ ಯಾರೂ ಅಲ್ಲ. ಮೂಡಿಗೆರೆ ತಾಲ್ಲೂಕಿನ ಮೂವತ್ತು ಮನೆಯ ಊರಿನಲ್ಲಿ ‘ಅಂಗನವಾಡಿ ಕಾರ್ಯಕರ್ತೆಯ ಮಗಳು’ ಎಂದರೆ ಒಬ್ಬಳೇ. ಒಂದು ಪತ್ರಿಕೆ ಊರು ಬರೆಯುತ್ತದೆ, ಇನ್ನೊಂದು ತಂದೆಯ ಉದ್ಯೋಗ, ಮೂರನೆಯದು ಹುಡುಗಿಯ ತರಗತಿ. ಪ್ರತಿಯೊಬ್ಬರೂ ಹೆಸರು ಬಿಟ್ಟಿದ್ದಾರೆ, ಆದರೆ ಮೂರನ್ನೂ ಓದಿದ ಟೀ ಅಂಗಡಿಯವರಿಗೆ ಮನೆ ಗೊತ್ತು. ಹಾಗಾಗಿ ತಾಲ್ಲೂಕಿನಿಂದ ಕೆಳಗೆ ಇಳಿಯದಿರುವುದು, ವಯಸ್ಸಿನ ಬದಲು ‘ಅಪ್ರಾಪ್ತೆ’ ಎನ್ನುವುದು, ಮನೆಯವರ ಕಸುಬು ಮುಟ್ಟದಿರುವುದು ಇಲ್ಲಿ ಸುರಕ್ಷಿತ ಅಳತೆ. ಆರೋಪಿ ಮನೆಯವನೇ ಆಗಿದ್ದರೆ ಇನ್ನೂ ಕಷ್ಟ. ಅವನ ಹೆಸರು ಹಾಕಿದರೆ ಮಗು ಗುರುತಾಗುತ್ತದೆ. ಸಂಬಂಧ ಬರೆಯದೆ ಹೆಸರು ಹಾಕಿದರೂ ಊರಿನವರು ಸಂಬಂಧ ತಾವೇ ಜೋಡಿಸಿಕೊಳ್ಳುತ್ತಾರೆ. ಅಂಥ ಪ್ರಕರಣದಲ್ಲಿ ಆರೋಪಿಯ ಹೆಸರನ್ನೇ ಬಿಡುವುದು ಸರಿ. ಜಿಲ್ಲಾ ಕೇಂದ್ರದ ವರದಿಗಾರರೆಲ್ಲ ಮೊದಲ ದಿನವೇ ಮಾತಾಡಿಕೊಂಡು ಎಲ್ಲರೂ ಒಂದೇ ವಿವರ ಬಿಟ್ಟರೆ ಮಾತ್ರ ಇದಕ್ಕೆ ಅರ್ಥ. ಸ್ಪರ್ಧೆಯ ನಡುವೆಯೂ ಈ ಒಂದು ವಿಷಯದಲ್ಲಿ ಮಾತಾಡಿಕೊಳ್ಳುವುದು ಸಾಧ್ಯ.

ಎಫ್‌ಐಆರ್ ಪ್ರತಿ ಪೊಲೀಸರೇ ಗುಂಪಿಗೆ ಹಾಕಿದರು, ಇನ್ನೇನು ತೊಂದರೆ ಎನ್ನುವುದು ಇನ್ನೊಂದು ಮಾಮೂಲಿ ವಾದ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು, ನಿಜ. ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳನ್ನು ಅದೇ ಆದೇಶ ಹೊರಗಿಟ್ಟಿದೆ. ಪೊಲೀಸರು ತಪ್ಪಿ ಕಳಿಸಿದ ಕಾಗದ ನಮಗೆ ಪರವಾನಗಿ ಆಗುವುದಿಲ್ಲ.

ಲೈನ್ ಮನೆಯ ಮುಂದೆ ಪಡೆದ ಒಪ್ಪಿಗೆ

ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಸಾಲು ವಸತಿಗಳಲ್ಲಿ, ಇರುವ ಕಾರ್ಮಿಕರ ಬಗ್ಗೆ ಬರೆಯಲು ಹೋದವರು ಸಾಮಾನ್ಯವಾಗಿ ಆಳುಗಳ ಉಸ್ತುವಾರಿ ನೋಡುವ ತೋಟದ ರೈಟರ್ ಮೂಲಕ ಹೋಗುತ್ತಾರೆ. ರೈಟರ್ ಎದುರು ನಿಂತ ಆಳು ‘ಎಲ್ಲ ಚೆನ್ನಾಗಿದೆ ಸಾರ್’ ಎನ್ನುತ್ತಾರೆ. ಅಸ್ಸಾಂ, ಬಂಗಾಳದಿಂದ ಬಂದವರಾದರೆ ಕನ್ನಡ ಬಾರದು, ದುಭಾಷಿ ಆಗುವುದು ಅವರನ್ನು ಕರೆತಂದ ಮೇಸ್ತ್ರಿಯೇ. ಮುಂಗಡ ಕೊಟ್ಟವನೇ ಮಾತನ್ನು ಅನುವಾದಿಸುವಾಗ ಬರುವ ಉತ್ತರಕ್ಕೆ ಬೆಲೆ ಇಲ್ಲ, ಅಲ್ಲಿ ಕೊಟ್ಟ ಫೋಟೊ ಒಪ್ಪಿಗೆಗೂ ಇಲ್ಲ. ವಾರದ ಸಂತೆಗೆ ಅವರು ಬರುವ ದಿನ, ತೋಟದ ಗೇಟಿನಾಚೆ, ಬೇರೆ ದುಭಾಷಿಯೊಂದಿಗೆ ಮಾತಾಡಬೇಕು. ಹೆಸರು ಬರುತ್ತದೆ, ಫೋಟೊ ಇಂಟರ್‌ನೆಟ್‌ನಲ್ಲಿ ವರ್ಷಗಟ್ಟಲೆ ಇರುತ್ತದೆ, ತೋಟದವರೂ ನೋಡಬಹುದು ಎಂದು ಹೇಳಬೇಕು. ಹೇಳಿ ಮುಗಿದ ಮೇಲೆ ‘ಅರ್ಥವಾಯಿತಾ’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ನಾಳೆ ಇದು ಪೇಪರಿನಲ್ಲಿ ಬಂದರೆ ನಿಮಗೆ ಏನಾಗಬಹುದು?’ ಎಂದು ಕೇಳಿ, ಅವರ ಬಾಯಿಂದಲೇ ಉತ್ತರ ಬಂದರೆ ಒಪ್ಪಿಗೆ ನಿಜವಾದದ್ದು. ಪ್ರಕಟವಾಗುವ ಮುನ್ನ ಮನಸ್ಸು ಬದಲಾದರೆ ತಿಳಿಸಲು ಒಂದು ಫೋನ್ ನಂಬರ್ ಕೊಟ್ಟು ಬರಬೇಕು.

ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಆನೆ ದಾಳಿಗೆ ಸಿಕ್ಕವರ ಮನೆಯಂಗಳದಲ್ಲಿ ಇನ್ನೊಂದು ಬಗೆಯ ಕಷ್ಟ. ಹೆಣ ಎದುರಿಗಿರುವಾಗ ಮನೆಯವರು ಕೊಟ್ಟ ಅನುಮತಿಯನ್ನು ಅನುಮತಿ ಎಂದು ತಿಳಿಯಬಾರದು. ಆ ದಿನ ಬೇಕಾದ ಮಾಹಿತಿ ಬೇರೆಡೆ ಸಿಗುತ್ತದೆ: ಘಟನೆಯ ಹೊತ್ತು ಮತ್ತು ಜಾಗ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ಮುನ್ನೆಚ್ಚರಿಕೆ ಬಂದಿತ್ತೇ, ಪಂಚನಾಮೆ ಮಾಡಿದವರು ಯಾರು. ಮನೆಯವರ ಮಾತು ಮೂರು ದಿನ ತಡವಾದರೂ ಹಳಸುವುದಿಲ್ಲ.

ಲೆಕ್ಕ ತಪ್ಪಿದರೆ ಊರೇ ಹೆದರುತ್ತದೆ

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನದ ಹೃದಯಾಘಾತದ ಸಾವುಗಳು ರಾಜ್ಯದ ಸುದ್ದಿಯಾದವು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂದು ದಿನವೂ ಅಂಕಿ ಏರುತ್ತಿತ್ತು. ಎದೆ ಹಿಡಿದುಕೊಂಡು ಜನ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಬೆಳಗಾಗುವ ಮೊದಲೇ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ರಚಿಸಿತು. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ, ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಜುಲೈನಲ್ಲಿ ಅದು ವರದಿ ಕೊಟ್ಟಿತು.

ಪ್ರತಿಯೊಂದು ಸಾವಿನ ಸುದ್ದಿಯೂ ತನ್ನಷ್ಟಕ್ಕೆ ಸರಿಯಿತ್ತು ಎಂದೇ ಇಟ್ಟುಕೊಳ್ಳೋಣ. ಎಲ್ಲಿ ತಪ್ಪಿತು? ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು ಎಂಬ ಪ್ರಶ್ನೆ ಯಾರೂ ಮೊದಲ ದಿನ ಕೇಳಲಿಲ್ಲ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ 17.76 ಲಕ್ಷ ಜನ. ವರ್ಷಕ್ಕೆ ಸಾವಿರಕ್ಕೆ 7 ಸಾವು ಎಂದು ಹಿಡಿದರೆ ಸುಮಾರು 12,400. ನಲವತ್ತು ದಿನಕ್ಕೆ ಸುಮಾರು 1,360. ಅದರಲ್ಲಿ ನಾಲ್ಕನೇ ಒಂದು ಭಾಗ ಹೃದಯ, ರಕ್ತನಾಳದ ಕಾಯಿಲೆಯದ್ದು ಎಂದರೂ ಮುನ್ನೂರು ದಾಟುತ್ತದೆ. ಇದು ಕಾಗದದ ತುದಿಯಲ್ಲಿ ಮಾಡುವ ಸ್ಥೂಲ ಲೆಕ್ಕ, ಆದರೆ ಇಪ್ಪತ್ತು ಎಂಬ ಸಂಖ್ಯೆ ಒಂದೇ ಏನನ್ನೂ ಸಾಬೀತು ಮಾಡದು ಎಂದು ತೋರಿಸಲು ಸಾಕು. ಉಳಿಯುವ ನಿಜವಾದ ಪ್ರಶ್ನೆ, ಸತ್ತವರಲ್ಲಿ 45ಕ್ಕಿಂತ ಕೆಳಗಿನವರು ಎಷ್ಟು, ಹಿಂದಿನ ಮೂರು ವರ್ಷಗಳ ಇದೇ ತಿಂಗಳುಗಳಲ್ಲಿ ಎಷ್ಟಿತ್ತು ಎನ್ನುವುದು. ಅದಕ್ಕೆ ಉತ್ತರ ಜನನ ಮರಣ ನೋಂದಣಿಯಲ್ಲೂ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರಗಳಲ್ಲೂ ಇದೆ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಹೊರಗೆ ಸತ್ತರೆ 4ಎ. ಮನೆಯಲ್ಲಿ ಸತ್ತವರಿಗೆ ಮರಣೋತ್ತರ ಪರೀಕ್ಷೆ ಆಗದಿದ್ದರೆ ‘ಹೃದಯಾಘಾತ’ ಎನ್ನುವುದು ಮನೆಯವರ ಊಹೆ, ಹಾಗೆಂದೇ ಬರೆಯಬೇಕು. ಬೇಲೂರಿನವರು ಬೆಂಗಳೂರಿನಲ್ಲಿ ಸತ್ತರೆ ಅವರು ಯಾವ ಜಿಲ್ಲೆಯ ಲೆಕ್ಕ ಎನ್ನುವುದನ್ನೂ ಮೊದಲೇ ನಿರ್ಧರಿಸಿಕೊಳ್ಳಬೇಕು, ಇಲ್ಲವಾದರೆ ಒಂದೇ ಸಾವು ಎರಡು ಪಟ್ಟಿಗೆ ಹೋಗುತ್ತದೆ.

ಅಂಕಿ ಇಲಾಖೆಯಿಂದ ಬಾಯ್ಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ‘ಸಾವಿನ ವಿವರ ಕೊಡಿ’ ಎಂದು ಬರೆದರೆ ತಿರಸ್ಕಾರ ಬರುತ್ತದೆ. ‘2022ರಿಂದ 2025ರವರೆಗೆ, ತಿಂಗಳುವಾರು, ವಯೋಮಾನವಾರು, ಹೆಸರಿಲ್ಲದ ಒಟ್ಟು ಸಂಖ್ಯೆ’ ಎಂದರೆ ಕೊಡದಿರಲು ಕಾರಣ ಸಿಗುವುದು ಕಷ್ಟ. ಹೆಸರು ಕೇಳದಿರುವುದರಿಂದ ಸತ್ತವರ ಖಾಸಗಿತನವೂ ಉಳಿಯುತ್ತದೆ, ಕೆಲಸವೂ ಬೇಗ ಆಗುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ವೃತ್ತಿಗೆಂದೇ ಹುಟ್ಟಿದಂತಿದೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಸತ್ತಾಗ, ಗುಂಡೇಟು ಅದರ ಕಾಲಿಗೇ ಬಿದ್ದಿತ್ತು ಎಂಬ ಮಾತು ಕೂಡಲೇ ಹಬ್ಬಿತು. ಇಂಥ ಮಾತಿನ ಮುಂದೆ ವರದಿಗಾರರು ಕೇಳಬೇಕಾದ್ದು: ಹೇಳುತ್ತಿರುವವರು ಕಂಡವರೋ ಕೇಳಿದವರೋ? ಕಂಡಿದ್ದರೆ ಎಷ್ಟು ದೂರದಿಂದ, ಆ ಹೊತ್ತಿನಲ್ಲಿ ಅವರು ಆನೆಯ ಮೇಲಿದ್ದರೋ ಮರದ ಹಿಂದಿದ್ದರೋ? ಆಡಿಯೊ ತುಣುಕು ಬಂದಿದ್ದರೆ ದನಿ ಯಾರದ್ದು, ಪೂರ್ತಿ ಎಷ್ಟು ಉದ್ದ, ಮೊದಲು ಯಾವ ನಂಬರಿನಿಂದ ಹೊರಟಿತು? ಐದು ಜನ ಒಂದೇ ಮಾತು ಹೇಳಿದರೂ ಐವರೂ ಒಬ್ಬನಿಂದಲೇ ಕೇಳಿದ್ದರೆ ಮೂಲ ಒಂದೇ.

ಹೆಸರು ಮುಚ್ಚಿಡುವ ಮಾತು ಕೊಟ್ಟ ಮೇಲೆ

ತಾಲ್ಲೂಕು ಕಚೇರಿಯ ಭೂ ಮಂಜೂರಾತಿ ಕಡತವೊಂದನ್ನು ಒಳಗಿನವರು ತೋರಿಸುತ್ತಾರೆ. ಹೆಸರು ಹಾಕುವುದಿಲ್ಲ ಎಂದು ಮಾತು ಕೊಡುತ್ತೇವೆ, ಮರುದಿನ ಕಡತದ ಫೋಟೊ ಅಚ್ಚಾಗುತ್ತದೆ, ಸಂಜೆಯೊಳಗೆ ಆ ಗುಮಾಸ್ತರಿಗೆ ನೋಟಿಸ್. ಹೇಗೆ? ಫೋಟೊದ ಅಂಚಿನಲ್ಲಿ ಇನ್‌ವರ್ಡ್ ನಂಬರ್, ಷರಾದ ಕೈಬರಹ, ಆ ದಿನಾಂಕದವರೆಗೆ ಮಾತ್ರ ಇದ್ದ ಸಹಿ. ಕಡತ ಆ ಹೊತ್ತಿಗೆ ಯಾರ ಮೇಜಿನಲ್ಲಿತ್ತು ಎನ್ನುವುದು ಚಲನವಹಿಯಲ್ಲಿ ಸಿಗುತ್ತದೆ. ಆದ್ದರಿಂದ ದಾಖಲೆಯ ಚಿತ್ರ ಹಾಕದೆ ಅದರ ಸಾರವನ್ನು ಮತ್ತೆ ಟೈಪ್ ಮಾಡಿ ಬಳಸುವುದು ಲೇಸು. ಫೋನಿನಲ್ಲಿ ತೆಗೆದ ಫೋಟೊದ ಡಿಜಿಟಲ್ ಫೈಲಿನೊಳಗೆ ಸಮಯ, ಫೋನಿನ ಮಾದರಿ, ಕೆಲವೊಮ್ಮೆ ಜಾಗವೂ ಅಡಗಿರುತ್ತದೆ. ಅದೇ ಮಾಹಿತಿಯನ್ನು ಪಹಣಿ, ಖಾತೆ ಬದಲಾವಣೆಯ ಮ್ಯುಟೇಷನ್‌ನಂಥ ಸಾರ್ವಜನಿಕ ದಾಖಲೆಯಿಂದ ಎರಡನೇ ಸಲ ಪಡೆದುಕೊಂಡರೆ ವರದಿ ಅದರ ಮೇಲೆ ನಿಲ್ಲುತ್ತದೆ, ಒಳಗಿನವರ ಹೆಸರಿನ ಚರ್ಚೆಯೇ ಏಳುವುದಿಲ್ಲ.

ಮಾತು ಕೊಡುವ ಮೊದಲು ಅದರ ಮಿತಿ ಹೇಳುವುದೂ ಪ್ರಾಮಾಣಿಕತೆ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ಪ್ರಕಾರ ಮೂಲ ತಿಳಿಸು ಎಂದು, ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಈ ಕೌನ್ಸಿಲ್ ಒತ್ತಾಯಿಸುವಂತಿಲ್ಲ. ಆ ರಕ್ಷಣೆ ಕೌನ್ಸಿಲ್ ಮುಂದಿನ ವಿಚಾರಣೆಗೆ ಮಾತ್ರ. ನ್ಯಾಯಾಲಯ ಕೇಳಿದರೆ ಪತ್ರಕರ್ತರಿಗೆಂದು ಪ್ರತ್ಯೇಕ ಕಾನೂನು ಗುರಾಣಿ ನಮ್ಮಲ್ಲಿಲ್ಲ. ‘ಯಾವ ಕಾರಣಕ್ಕೂ ಹೇಳುವುದಿಲ್ಲ’ ಎನ್ನುವ ಮುನ್ನ, ಜೈಲಿಗೆ ಹೋಗುವ ಸಂದರ್ಭ ಬಂದರೂ ಹೇಳುವುದಿಲ್ಲವೇ ಎಂದು ತಮ್ಮನ್ನು ತಾವೇ ಕೇಳಿಕೊಂಡಿರಬೇಕು.

ವೇಷ ಮರೆಸಿ, ಗುಪ್ತ ಕ್ಯಾಮೆರಾ ಹಿಡಿದು ಹೋಗುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇರೆ ಎಲ್ಲ ದಾರಿ ಮುಚ್ಚಿದ್ದರೆ, ವಿಷಯ ಜನರ ಜೀವ ಅಥವಾ ದೊಡ್ಡ ಸಾರ್ವಜನಿಕ ಹಣಕ್ಕೆ ಸಂಬಂಧಿಸಿದ್ದರೆ, ಸಂಪಾದಕರ ಒಪ್ಪಿಗೆ ಲಿಖಿತವಾಗಿ ಇದ್ದರೆ ಮಾತ್ರ. ಆಮಿಷ ಒಡ್ಡಿ ತಪ್ಪು ಮಾಡಿಸಿ ಅದನ್ನೇ ಚಿತ್ರಿಸುವುದು ವರದಿಗಾರಿಕೆ ಅಲ್ಲ. 2007ರಲ್ಲಿ ದೆಹಲಿಯಲ್ಲಿ ನಕಲಿ ಕುಟುಕು ಕಾರ್ಯಾಚರಣೆಯೊಂದು ಶಾಲಾ ಶಿಕ್ಷಕಿಯೊಬ್ಬರ ಮೇಲೆ ಜನರ ಗುಂಪು ಎರಗುವಂತೆ ಮಾಡಿತು. ಆರೋಪ ಸುಳ್ಳು ಎಂದು ಆಮೇಲೆ ತಿಳಿಯಿತು, ಅದನ್ನು ಪ್ರಸಾರ ಮಾಡಿದ ವಾಹಿನಿಯನ್ನು ಒಂದು ತಿಂಗಳು ನಿಲ್ಲಿಸಲಾಯಿತು.

‘ಎನ್ನಲಾಗಿದೆ’ ಎಂಬ ಕೊಡೆ

ಕನ್ನಡ ವರದಿಗಾರಿಕೆಗೆ ಅಂಟಿದ ಒಂದು ಕ್ರಿಯಾಪದವಿದೆ: ‘ಎನ್ನಲಾಗಿದೆ’. ಅದರ ತಮ್ಮಂದಿರು ‘ತಿಳಿದುಬಂದಿದೆ’, ‘ಮೂಲಗಳು ತಿಳಿಸಿವೆ’. ಇವು ಕರ್ತೃವನ್ನೇ ನುಂಗಿಬಿಡುತ್ತವೆ. ಹೇಳಿದವರು ಪೊಲೀಸರೋ ಎದುರಾಳಿ ಪಕ್ಷದವರೋ ಪಕ್ಕದ ಮನೆಯವರೋ ಓದುಗರಿಗೆ ಗೊತ್ತಾಗುವುದಿಲ್ಲ. ಈ ಪದ ಕಾನೂನಿನಿಂದ ಕಾಪಾಡುತ್ತದೆ ಎಂಬ ಭರವಸೆಯೂ ಸುಳ್ಳು. ಮತ್ತೊಬ್ಬರ ಮಾನಹಾನಿಕರ ಮಾತನ್ನು ಪ್ರಕಟಿಸಿದವರೂ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಉತ್ತರಿಸಬೇಕಾಗುತ್ತದೆ. ‘ಲಂಚ ಪಡೆದಿದ್ದಾರೆ ಎನ್ನಲಾಗಿದೆ’ ಎಂಬಲ್ಲಿ ‘ಲಂಚ ಪಡೆದರೆಂದು ದೂರುದಾರರು ಲೋಕಾಯುಕ್ತ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಹೇಳಿದ್ದಾರೆ. ಅಧಿಕಾರಿ ಇದನ್ನು ಅಲ್ಲಗಳೆದಿದ್ದಾರೆ’ ಎಂದು ಬರೆದರೆ ಮಾತಿಗೆ ಒಡೆಯರು ಸಿಗುತ್ತಾರೆ. ಪ್ರತಿಕ್ರಿಯೆಗೆ ಕೊಡುವ ಸಮಯವೂ ನ್ಯಾಯವಾಗಿರಬೇಕು. ಪುಟ ಮುಗಿಯಲು ಹತ್ತು ನಿಮಿಷ ಇರುವಾಗ ಒಂದು ಮಿಸ್ಡ್ ಕಾಲ್ ಕೊಟ್ಟು ‘ಸಂಪರ್ಕಕ್ಕೆ ಸಿಗಲಿಲ್ಲ’ ಎನ್ನುವುದು ವಂಚನೆ. ಆರೋಪ ಏನೆಂದು ಬರಹದಲ್ಲಿ ಕಳಿಸಿ, ಉತ್ತರಕ್ಕೆ ಒಂದು ದಿನ ಬಿಡಬೇಕು.

‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲನ್ನಂತೂ ಬಿಟ್ಟೇಬಿಡಬೇಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಸಾಕ್ಷ್ಯವೆಂದು ಒಪ್ಪುವುದಿಲ್ಲ. ನ್ಯಾಯಾಧೀಶರು ನಂಬದ್ದನ್ನು ಓದುಗರಿಗೆ ನಂಬಿಸುವ ಸಾಲು ಅದು.

ಆತ್ಮಹತ್ಯೆಯ ವರದಿಗೆ 2019ರಲ್ಲಿ ಪ್ರೆಸ್ ಕೌನ್ಸಿಲ್ ಮಾರ್ಗಸೂಚಿ ಕೊಟ್ಟಿದೆ: ವಿಧಾನದ ವಿವರ ಬೇಡ, ಜಾಗದ ವಿವರ ಬೇಡ, ಮುಖಪುಟದ ಅಬ್ಬರ ಬೇಡ, ಫೋಟೊ, ವಿಡಿಯೊ ಬೇಡ. ‘ಸಾಲಬಾಧೆಯಿಂದ’, ‘ಅಂಕ ಕಡಿಮೆ ಬಂದಿದ್ದಕ್ಕೆ’ ಎಂದು ಒಂದೇ ಕಾರಣ ಬರೆಯುವುದು ತಪ್ಪು ಮಾಹಿತಿಯೂ ಹೌದು, ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರಿಗೆ ಅಪಾಯವೂ ಹೌದು. ವರದಿಯ ಕೊನೆಗೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇರಬೇಕು.

ಇಷ್ಟೆಲ್ಲ ಮಾಡಿಯೂ ತಪ್ಪಾಗುತ್ತದೆ. ಆಗ ತಪ್ಪು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು. ಮೊದಲ ಪುಟದ ತಪ್ಪಿಗೆ ಏಳನೇ ಪುಟದ ಮೂಲೆ ಸಾಲದು. ವೆಬ್ ಪುಟ ತಿದ್ದಿದರೂ ಇ-ಪೇಪರಿನ ಪಿಡಿಎಫ್ ಹಾಗೇ ಇರುತ್ತದೆ, ಅದರ ತುಣುಕು ಊರಿನ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ತುಣುಕು ಹಾಕಿದ ಅದೇ ಗುಂಪುಗಳಿಗೆ ತಿದ್ದುಪಡಿಯ ತುಣುಕನ್ನೂ ಹಾಕಬೇಕು. ಬಂಧನದ ದಿನ ಹೆಸರು, ಫೋಟೊ ಸಮೇತ ಬರೆದ ವ್ಯಕ್ತಿ ಐದು ವರ್ಷದ ನಂತರ ಖುಲಾಸೆಯಾಗಿ ಫೋನ್ ಮಾಡಿದರೆ, ತೀರ್ಪಿನ ಪ್ರತಿಯನ್ನು ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಪ್ರಕರಣದ ಸಂಖ್ಯೆ ಹಾಕಿ ನೋಡಬಹುದು. ಹಳೆಯ ವರದಿಯ ನೆತ್ತಿಯ ಮೇಲೆ ‘ಈ ಪ್ರಕರಣದಲ್ಲಿ ಇವರು ಇಂಥ ದಿನ ಖುಲಾಸೆಯಾಗಿದ್ದಾರೆ’ ಎಂದು ದಿನಾಂಕ ಸಹಿತ ಸೇರಿಸಲು ಐದು ನಿಮಿಷ ಬೇಕು. ಬಂಧನವನ್ನು ವರದಿ ಮಾಡಿದ ದಿನವೇ ಪ್ರಕರಣದ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಅವರ ಫೋನಿಗೂ ಕಾಯಬೇಕಿಲ್ಲ.